ಧಾರೇಶ್ವರದ ತಿರುವಿನಲ್ಲಿ ಬೀಸಿದ ಟವೆಲ್ಲು

ತಾನು ಓಡುತ್ತಿದ್ದೇನೋ ಅಡಗಿಕೊಳ್ಳುತ್ತಿದ್ದೇನೋ ಎಂಬುದು ಕರ್ಕಿಯ ಸೇತುವೆ ದಾಟುವ ಹೊತ್ತಿಗೂ ಮಾಬ್ಲನಿಗೆ ಗೊತ್ತಾಗಿರಲಿಲ್ಲ. ಹೊನ್ನಾವರದಿಂದ ಕುಮಟೆಗೆ ಡಾಂಬರು ಬಿದ್ದ ಲಾಗಾಯ್ತು ಆ ರಸ್ತೆಯ ಮೇಲೆ ಅಷ್ಟು ಬರಿಗಾಲುಗಳು, ಅಷ್ಟು ಕ್ಯಾನ್ವಾಸ್ ಬೂಟುಗಳು ಒಟ್ಟಿಗೆ ಬಿದ್ದದ್ದಿಲ್ಲ. ಸೇತುವೆ ನಡುಗಿತು. ಕೆಳಗೆ ಕೆಸರಿನಲ್ಲಿ ನಿದ್ದೆಹೋಗಿದ್ದ ಏಡಿಗಳು ಎದ್ದು ದಡ ಹತ್ತಿದವು. ಬೆವರು ಸುರಿದು ಸುರಿದು ಹೊಳೆಯ ನೀರು ಮೊದಲಿಗಿಂತ ಉಪ್ಪಾಯಿತು. ಸೂರ್ಯ ಕೂಡ ಆವತ್ತು ಓಟ ನೋಡುವ ಆಸೆಗೆ ಹೊತ್ತಿಗೆ ಮೊದಲೇ ಗುಡ್ಡ ಹತ್ತಿ ಕೂತಿದ್ದ ಎಂದರೆ ಯಾರೂ ಅಲ್ಲಗಳೆಯಲಾರರು. ಇಂಥ ಮಹಾ ಜಾತ್ರೆಯಲ್ಲಿ ಒಬ್ಬ ಮನುಷ್ಯ ಕಾಣೆಯಾಗುವುದು ಏನು ಮಹಾ ಎಂದು ಮಾಬ್ಲ ಹಿಂದಿನ ದಿನವೆಲ್ಲ ತನಗೆ ತಾನೇ ಹೇಳಿಕೊಂಡಿದ್ದ. ಅವನಿಗೆ ಬೇಕಾದದ್ದು ಕಪ್ಪೂ ಅಲ್ಲ, ಹಾರವೂ ಅಲ್ಲ. ಧಾರೇಶ್ವರದ ತಿರುವಿನಲ್ಲಿ, ರಸ್ತೆಗೂ ಕಡಲಿಗೂ ನಡುವೆ ಒತ್ತಿಕೊಂಡು ಕೂತಿರುವ ತನ್ನ ಕೇರಿಯನ್ನು, ಅವ್ವಿಯ ಕಣ್ಣಿಗೆ, ದಿಬ್ಬದ ಮೇಲೆ ಕೂತು ಮೀನು ಕಾಯುವ ಸೋಮಯ್ಯ ಮಾವನ ಮಂಜುಗಣ್ಣಿಗೆ, ತನ್ನ ಕಾಲಿನ ವಾಸನೆ ಬಲ್ಲ ನಾಯಿಗಳಿಗೆ ಕಾಣದ ಹಾಗೆ ದಾಟಿಬಿಡಬೇಕು. ಅಷ್ಟೇ. ಆಮೇಲೆ ಬಿದ್ದರೂ ಸರಿ. ಅದಕ್ಕೇ ಅವನು ಬಲಗೈಯನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದ. ಬನಿಯನ್ನಿನ ಮೇಲೆ ಕೆಂಪಕ್ಷರದಲ್ಲಿ ಮಂಗಳೂರಿನ ಬೋಟ್ ಕಂಪನಿಯ ಹೆಸರು, ಹೆಸರಿನ ಕೆಳಗೆ ಬಾಲ ಎತ್ತಿ ನಗುತ್ತಿರುವ ಒಂದು ಬಂಗಡೆ ಮೀನು ಇದ್ದವು. ಬಂಗಡೆ ನಗುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಯಾಕಲೇ ಮಾಬ್ಲಾ, ಎದಿ ಹಿಡ್ಕೊಂಡು ಓಡಾಕತ್ತೀ? ಹಾರ್ಟು ಕೈಕೊಡ್ತೇನು?" ಎಂದು ಪಕ್ಕದಲ್ಲಿ ಲಿಂಗಪ್ಪ ಕೇಳಿದ. ಲಿಂಗಪ್ಪ ಗದಗಿನ ಕಡೆಯವನು, ಕಂಪನಿಯ ಐಸ್ ಮನೆಯ ಮೇಸ್ತ್ರಿ. ಅವನ ಒಂದೊಂದು ಶ್ವಾಸಕೋಶವೂ ಹತ್ತಿಯ ಅಂಡಿಗೆಯಷ್ಟು ದೊಡ್ಡದು, ಓಡುತ್ತ ಮಾತಾಡಬಲ್ಲ, ಮಾತಾಡುತ್ತ ಕಡಲೆ ತಿನ್ನಬಲ್ಲ, ತಿನ್ನುತ್ತ ನಗಬಲ್ಲ. "ನಿಮ್ಮೂರಾಗ ಇಷ್ಟು ನೀರೈತಿ, ಒಂದು ಹನಿ ಕುಡಿಯಾಕ ಬರಂಗಿಲ್ಲ. ಎಂಥಾ ಊರಲೇ ಇದು?" ನಿಮ್ಮೂರು ಎಂಬ ಮಾತಿಗೇ ಮಾಬ್ಲನ ಬೆನ್ನು ಚುಳ್ಳೆಂದಿತು. ಕಂಪನಿಯಲ್ಲಿ ಅವನು ತನ್ನದು ಕುಮಟೆ ಪೇಟೆ ಎಂದು ಹೇಳಿಕೊಂಡಿದ್ದ. ಪೇಟೆಯಲ್ಲಿ ಮನೆ, ಮನೆಯ ಮುಂದೆ ಜಗಲಿ, ಸಂಜೆ ಹವೆ ತಿನ್ನಲು ಕಡಲಿನ ಕಡೆ ತಿರುಗಾಟ. ಇಲ್ಲಿ ಕೇರಿಯಲ್ಲಿ ಅವ್ವಿಗೆ ಹೇಳಿದ್ದು ತಾನು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯಲ್ಲಿದ್ದೇನೆ ಎಂದು. ಊರಿಗೆ ಬರುವಾಗಲೆಲ್ಲ ಬೆರಳ ಸಂದಿಗೆ ಕೆಮ್ಮಣ್ಣು ತಿಕ್ಕಿಕೊಂಡು ಬರುತ್ತಿದ್ದ. ಅವ್ವಿ ಆ ಕೈ ಹಿಡಿದು, ಮಣ್ಣಿನ ಕೆಲಸ ಒಳ್ಳೇದು ಮಗಾ, ಮಣ್ಣು ಯಾರಿಗೂ ಮೋಸ ಮಾಡೂದಿಲ್ಲ ಎನ್ನುತ್ತಿದ್ದಳು. ಆಗ ಅವನಿಗೆ ಬೆರಳುಗಳನ್ನು ಕಳಚಿ ಜೇಬಿಗೆ ಹಾಕಿಕೊಳ್ಳುವ ಹಾಗೆ ಆಗುತ್ತಿತ್ತು.

ಎರಡು ದಿನದ ಈ ಸವಾರಿ ಮ್ಯಾನೇಜರ್ ಮಹಾಗಣಪತಿಯವರ ತಲೆಯಲ್ಲಿ ಹುಟ್ಟಿದ್ದು. ಶನಿವಾರ ಮುರ್ಡೇಶ್ವರ, ರಾತ್ರಿ ಹೊನ್ನಾವರದ ಲಾಡ್ಜು, ಭಾನುವಾರ ಬೆಳಿಗ್ಗೆ ಕುಮಟೆಯ ಕ್ರೀಡಾ ಸಂಘದವರ ರಸ್ತೆ ಓಟ. ಮಹಾಗಣಪತಿಯವರು ಮೀನು ಮುಟ್ಟದ ಜಾತಿಯವರು. ಆದರೆ ಸಮುದ್ರದಲ್ಲಿ ಎಷ್ಟು ಮೀನಿದೆ ಎಂದು ಅವರ ಹಾಗೆ ಬಾಯಿಪಾಠ ಹೇಳಬಲ್ಲವರು ಕಾರವಾರದಿಂದ ಕನ್ಯಾಕುಮಾರಿಯವರೆಗೆ ಇನ್ನೊಬ್ಬರಿಲ್ಲ. ವ್ಯಾನು ಭಟ್ಕಳ ದಾಟುವಾಗ ಹಿಂದೆ ತಿರುಗಿ ಅವರು, "ಮಾಬ್ಲ, ಕಂಪನಿಯ ಮಾನ ನಿನ್ನ ಕಾಲ ಮೇಲಿದೆ ಮಾರಾಯ. ಬಂಗಡೆಯ ಜೊತೆ ಪಂದ್ಯ ಕಟ್ಟಿ ಓಡಿದವನು ನೀನು," ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆ ಮಾತು ಮಾಬ್ಲನದೇ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕ್ಯಾಂಟೀನಿನಲ್ಲಿ ಕೂತು, ಧಾರೇಶ್ವರದ ಮುಂದೆ ಬಂಗಡೆಯ ಹಿಂಡು ಬಡಗಕ್ಕೆ ಹೊರಟರೆ ತಾನು ದಡದಲ್ಲಿ ಅದರ ಜೊತೆ ಜೊತೆಗೇ ಓಡುತ್ತಿದ್ದೆ, ಅಘನಾಶಿನಿಯ ಅಳಿವೆ ಅಡ್ಡ ಬಂದದ್ದಕ್ಕೆ ನಿಲ್ಲಬೇಕಾಯಿತು, ಇಲ್ಲದಿದ್ದರೆ ತದಡಿ ದಾಟಿ ಗೋವೆಗೆ ಹೋಗಿ ಕಾಜು ತಿಂದು ಬರುತ್ತಿದ್ದೆ ಎಂದು ಬಿಟ್ಟಿದ್ದ. ನಕ್ಕವರು ನಕ್ಕರು. ಮಹಾಗಣಪತಿಯವರು ಮಾತ್ರ ಚಹದ ಲೋಟ ಕೆಳಗಿಟ್ಟು, ಹಿಂಡು ಬಂದದ್ದು ನಿನಗೆ ಹೇಗೆ ತಿಳಿಯುತ್ತದೆ ಎಂದು ಮೆಲ್ಲಗೆ ಕೇಳಿದ್ದರು. ಯಾರೋ ದೊಡ್ಡವರು ತನ್ನನ್ನು ಮೆಲ್ಲಗೆ ಕೇಳಿದ್ದು ಅದೇ ಮೊದಲು. ಮಾಬ್ಲ ಹೇಳಿದ. ನೀರಿನ ಮೈ ಮೊದಲು ಬಾಡಿದ ಮಾವಿನೆಲೆಯ ಹಾಗಾಗುತ್ತದೆ, ಆಮೇಲೆ ನೇರಳೆ, ಆಮೇಲೆ ಮಳೆಹನಿ ಇಲ್ಲದೆಯೇ ಮಳೆ ಬಿದ್ದ ಹಾಗೆ ಕುದಿಯುತ್ತದೆ, ನೀರೊಳಗಿನ ಬಂಡೆಯ ಬಡಗು ಬದಿಗೆ, ಚೌತಿ ಕಳೆದ ಮೇಲೆ, ಗಾಳಿ ತೆಂಕಿನಿಂದ ಇದ್ದರೆ. ಎಲ್ಲ ಹೇಳಿದ. ಕೇಳದ್ದನ್ನೂ ಹೇಳಿದ. ಆ ವರ್ಷವೇ ಧಾರೇಶ್ವರದ ಎದುರು ಕಂಪನಿಯ ಪರ್ಸೀನ್ ಬೋಟುಗಳು ಕಾಣಿಸಿಕೊಂಡವು. ಅವು ಯಂತ್ರದ ಬೋಟುಗಳು, ಮೀನು ದಡಕ್ಕೆ ಬರುವ ಮೊದಲೇ ನಡುಕಡಲಲ್ಲಿ ಬಲೆ ಸುತ್ತಿ, ಚೀಲದ ಬಾಯಿ ಬಿಗಿದ ಹಾಗೆ ಬಿಗಿದು ಎತ್ತಿಕೊಂಡು ಹೋಗುತ್ತವೆ. ದಡದಲ್ಲಿ ಇಡೀ ಕೇರಿ ಹಗ್ಗ ಹಿಡಿದು ಎಳೆಯುವ ರಂಪಣಿ ಬಲೆಗೆ ಬಂಗಡೆ ಬೀಳದೆ ಇದು ಮೂರನೆಯ ವರ್ಷ. ಬೋಟುಗಳು ಬಂದದ್ದು ತಾನು ಹೇಳಿದ್ದಕ್ಕೋ, ಹೇಗೂ ಬರುವವೇ ಬಂದವೋ? ಭಟ್ಕಳದ ಎದುರಿಗೂ ಬಂದಿವೆಯಲ್ಲ, ಅಲ್ಲಿಯದನ್ನು ತಾನು ಹೇಳಿರಲಿಲ್ಲವಲ್ಲ? ಈ ಪ್ರಶ್ನೆಯನ್ನು ಅವನು ತನ್ನೊಳಗೆ ಎಷ್ಟು ಸಲ ತಿರುವಿ ಹಾಕಿದ್ದನೆಂದರೆ ಅದು ಎರಡೂ ಬದಿ ಸೀದುಹೋಗಿತ್ತು.

ನಿನ್ನೆ ಮುರ್ಡೇಶ್ವರದ ಹೋಟೆಲ್ಲಿನಲ್ಲಿ ಲಿಂಗಪ್ಪ ತಟ್ಟೆ ತುಂಬ ಬಂಗಡೆ ಹುರಿಸಿಕೊಂಡು ಕೂತಾಗ ಮಾಬ್ಲ ತನಗೆ ಶನಿವಾರದ ವ್ರತ ಎಂದಿದ್ದ. ಬಡಿಸುವವನು, ಇದು ಇಲ್ಲಿಯ ಮೀನಲ್ಲ ಒಡೆಯಾ, ಮಂಗಳೂರಿನ ಐಸ್ ಲಾರಿಯಲ್ಲಿ ಬಂದದ್ದು, ಇಲ್ಲಿ ಈಗ ಎಂತ ಉಂಟು, ಉಪ್ಪು ನೀರು ಉಂಟು ಎಂದ. ಮಾಬ್ಲ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಕಲಸಿದ. ಕಲಸುತ್ತಲೇ ಇದ್ದ. ಈಗ ಹಳದೀಪುರ ದಾಟಿ ಗದ್ದೆಯ ಬಯಲಿನಲ್ಲಿ ಓಡುವಾಗ ಮುಂದಿದ್ದವರು ಹಿಂದಾಗುತ್ತಿದ್ದರು. ಅವನಿಗೆ ಗೆಲ್ಲುವ ಆಸೆ ಇರಲಿಲ್ಲ, ಆದರೆ ಹೆದರಿಕೆಯ ಕಾಲಿಗೆ ಬೇರೆ ವೇಗ. ದಾರಿಯ ಬದಿ ನಿಂತವರಲ್ಲಿ ಒಂದೊಂದು ಮುಖವೂ ಪರಿಚಯದ ಮುಖವಾಗಿ ಹತ್ತಿರ ಬಂದು, ಪರಿಚಯವಿಲ್ಲದ ಮುಖವಾಗಿ ಹಿಂದೆ ಸರಿಯುತ್ತಿತ್ತು. ಎಡಕ್ಕೆ ತೆಂಗಿನ ಮರಗಳ ನಡುವೆ ಕಡಲು ಒಮ್ಮೆ ಇಣುಕಿ ಅಡಗಿತು.

ತಿರುವಿನ ಏರು ಶುರುವಾಗುವಲ್ಲಿ ಕಂಪನಿಯ ವ್ಯಾನು ಪಕ್ಕಕ್ಕೆ ಬಂತು. ಮಹಾಗಣಪತಿಯವರು ಕಿಟಕಿಯಿಂದ ಕೈ ಚಾಚಿ ನೀರಲ್ಲಿ ಅದ್ದಿದ ಬಿಳಿ ಟವೆಲ್ಲು ಕೊಟ್ಟರು. "ತಲೆಗೆ ಹಾಕಿಕೋ! ನಾಲ್ಕೇ ಜನ ಮುಂದಿದ್ದಾರೆ, ಅವರಲ್ಲಿ ಇಬ್ಬರು ಕುಂಟುತ್ತಿದ್ದಾರೆ, ಒಬ್ಬ ಅಳುತ್ತಿದ್ದಾನೆ!" ಮಾಬ್ಲನಿಗೆ ಜೀವ ಬಂದಂತಾಯಿತು. ಗೆಲುವಿನ ಮಾತಿಗಲ್ಲ, ಟವೆಲ್ಲಿಗೆ. ಮುಸುಕು ಹಾಕಿಕೊಂಡರೆ ಹೆತ್ತವಳಿಗೂ ಗುರುತು ಸಿಗಲಾರದು. ಟವೆಲ್ಲಿನಿಂದ ನೀರು ಇಳಿಯುತ್ತಿತ್ತು. ಹಿಂಡಲು ಪುರುಸೊತ್ತಿಲ್ಲ, ಒಮ್ಮೆ ಬೀಸಿ ಕೊಡವಿದರೆ ಆಯಿತು ಎಂದು ತಲೆಯ ಮೇಲೆತ್ತಿದ. ಅಷ್ಟರಲ್ಲಿ ಏರು ಮುಗಿದು ಎಡಬದಿ ಒಮ್ಮೆಲೇ ಬಯಲಾಯಿತು. ಕೇರಿಯ ಮನೆಗಳ ಮಾಡುಗಳು, ಮಾಡುಗಳಾಚೆ ಕಾವಲು ಕೂರುವ ಕೆಂಪು ದಿಬ್ಬ, ದಿಬ್ಬದಾಚೆ ಕಡಲು. ನೀರೊಳಗಿನ ಬಂಡೆಯ ಬಡಗು ಬದಿಗೆ ನೀರಿನ ಮೈ ಬಾಡಿದ ಮಾವಿನೆಲೆಯ ಹಾಗಿತ್ತು. ಅಥವಾ ಹಾಗಿದೆ ಎಂದು ಕಂಡಿತು. ಅಥವಾ ಕಣ್ಣಿಗೆ ಬೆವರು ಇಳಿದಿತ್ತು. ಕೈ ಬೀಸಿತು. ಒಂದು ಸಲ ಅಲ್ಲ. ಎಡಕ್ಕೆ, ಎಡಕ್ಕೆ, ಮತ್ತೆ ಮೇಲಕ್ಕೆ. ಸೋಮಯ್ಯ ಮಾವ ಆ ದಿಬ್ಬದ ಮೇಲೆ ನಿಂತು, ಮೀನಿನ ಹಿಂಡು ಕಂಡಾಗಲೆಲ್ಲ, ಇಡೀ ಆಯುಷ್ಯ ಹೇಗೆ ಬಟ್ಟೆ ಬೀಸಿದ್ದನೋ ಹಾಗೆ. ನೀರು ಕೊಡವಲಿಕ್ಕೆ ಬೀಸಿದ್ದೋ, ಕಂಡದ್ದಕ್ಕೆ ಬೀಸಿದ್ದೋ? ಕೈಯನ್ನೇ ಕೇಳಬೇಕಿತ್ತು. ಕೈ ಆಗಲೇ ಕೆಳಗಿಳಿದು, ಏನೂ ಮಾಡದವರ ಹಾಗೆ ಬದಿಗೆ ಜೋತಿತ್ತು.

"ಬಟ್ಟೆ ಬೀಸ್ದ್ರೋ! ಬಂಗ್ಡೆ ಬಂತೋ!"

ಯಾರ ಕಂಠವೋ ತಿಳಿಯಲಿಲ್ಲ. ಆದರೆ ಆ ಕೂಗಿಗೆ ಕೇರಿ ಸಿಡಿದ ರೀತಿ ಹೇಳಿದರೆ ನಂಬುವವರಿಲ್ಲ. ಒಲೆಯ ಮೇಲಿದ್ದ ಗಂಜಿ ಒಲೆಯ ಮೇಲೇ ಉಳಿಯಿತು. ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲಿ ಎದ್ದ, ಕತ್ತಿ ಹಿಡಿದವನು ಅವನ ಹಿಂದೆ. ಮೂರು ವರ್ಷದಿಂದ ಹಾಸಿಗೆ ಬಿಟ್ಟೇಳದ ಮುದುಕಿಯರು ಹಾಸಿಗೆಯನ್ನೇ ಸೊಂಟಕ್ಕೆ ಸುತ್ತಿಕೊಂಡು ಓಡಿದರು. ಗದ್ದೆಯಲ್ಲಿದ್ದವರು ರಸ್ತೆ ಹಾರಿ ಈಚೆ ಬಂದರು. ಓಟದವರು ಆ ಪ್ರವಾಹಕ್ಕೆ ಸಿಕ್ಕಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಅರ್ಧಕ್ಕರ್ಧ ಜನ ಕಡಲಿನ ದಾರಿ ಹಿಡಿದರು. ಅಳುತ್ತಿದ್ದವನು ಅಳು ನಿಲ್ಲಿಸಿ, ಮುಗಿಯುವ ಜಾಗ ಇಲ್ಲೇನಾ ಎಂದು ಎಲ್ಲರನ್ನೂ ಕೇಳುತ್ತ ಸಮುದ್ರದವರೆಗೂ ಹೋದ. ಕ್ರೀಡಾ ಸಂಘದವನೊಬ್ಬ ಪೀಪಿ ಊದಿ ಊದಿ ಅದರೊಳಗಿನ ಗುಂಡನ್ನೇ ನುಂಗಿಬಿಟ್ಟ. ಮಾಬ್ಲನೂ ಓಡುತ್ತಿದ್ದ, ಇಳಿಜಾರಿನಲ್ಲಿ, ಮರಳಿನ ಕಾಲುದಾರಿಯಲ್ಲಿ, ಎಲ್ಲರ ಮುಂದೆ. ತಾನು ಇವರನ್ನು ಕರೆದೊಯ್ಯುತ್ತಿದ್ದೇನೋ, ಇವರು ತನ್ನನ್ನು ಅಟ್ಟುತ್ತಿದ್ದಾರೋ? ನಿಲ್ಲಿ, ಸುಮ್ಮನೆ ನೀರು ಕೊಡವಿದ್ದು ಎಂದು ತಿರುಗಿ ಕೂಗಬೇಕು ಅನಿಸಿತು. ಬಾಯಿ ತೆರೆದ. ಆಗ ಪಕ್ಕದಲ್ಲಿ ಬುಟ್ಟಿ ಬಗಲಿಗೆ ಇರುಕಿಕೊಂಡು ಓಡುತ್ತಿದ್ದವಳು ತಿರುಗಿ ನೋಡಿದಳು. ಮುಸುಕು ಹಾಕಿಕೊಳ್ಳುವುದು ಮರೆತೇಹೋಗಿತ್ತು.

"ಬಂದ್ಯಾ ಮಗಾ?" ಎಂದಳು ಅವ್ವಿ, ತಿಮ್ಮಕ್ಕ. ಅಷ್ಟೇ. ಯಾವಾಗ ಬಂದೆ, ಯಾಕೆ ಹೇಳದೆ ಬಂದೆ, ಇದೆಂಥ ವೇಷ, ಒಂದೂ ಇಲ್ಲ. ಉಸಿರು ಬಿಡುತ್ತ, "ನೀ ಬೀಸ್ದದ್ದಾ? ಬೇಡ, ಬೇಡ, ಹೇಳ್ಬೇಡ" ಎಂದು ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡಳು.

ಆ ದಂಡೆಯ ಕಟ್ಟಳೆ ಅದು. ಬಟ್ಟೆ ಬೀಸಿದವನನ್ನು ಬಲೆ ದಡ ಹತ್ತುವವರೆಗೆ ಏನೂ ಕೇಳುವ ಹಾಗಿಲ್ಲ, ಅವನೂ ಬಾಯಿ ಬಿಡುವ ಹಾಗಿಲ್ಲ. ಹೌದೋ ಅಲ್ಲವೋ ಎಂಬ ಮಾತು ಗಾಳಿಗೆ ಬಿದ್ದರೆ ಮೀನಿಗೆ ಕೇಳಿಸುತ್ತದೆ, ಸುತ್ತಿದ ಬಲೆಯೊಳಗಿನಿಂದಲೇ ತಿರುಗಿ ಹೋಗುತ್ತದೆ. ಸೋಮಯ್ಯ ಮಾವನನ್ನು ಯಾರೂ ಒಂದು ದಿನವೂ ಕೇಳಿರಲಿಲ್ಲ. ಮಾಬ್ಲ ತೆರೆದ ಬಾಯಿ ಮುಚ್ಚಿದ. ಇಷ್ಟು ದೊಡ್ಡ ಸುಳ್ಳಿಗೆ, ಅದು ಸುಳ್ಳೇ ಆಗಿದ್ದರೆ, ಇಷ್ಟು ಭದ್ರವಾದ ಮನೆ ಯಾರೂ ಕಟ್ಟಿಕೊಟ್ಟಿರಲಾರರು.

ರಂಪಣಿ ದೋಣಿ ಮೂರು ವರ್ಷದಿಂದ ಬಲೆ ಹೇರಿಕೊಂಡೇ ಮರಳ ಮೇಲೆ ಕೂತಿತ್ತು, ಇವತ್ತು ಬಂದೀತು ನಾಳೆ ಬಂದೀತು ಎಂದು. ಅದನ್ನು ಅವರು ನೀರಿಗೆ ತಳ್ಳಿದ ರಭಸಕ್ಕೆ ಅದು ಹಾರಿ ಎರಡು ತೆರೆಗಳಾಚೆ ಬಿತ್ತು. ಹುಟ್ಟು ಹಾಕುವವರು ಹಾಡಲಿಲ್ಲ, ಹಲ್ಲು ಕಚ್ಚಿದ್ದರು. ದೋಣಿ ಬಂಡೆಯ ಬಡಗು ಬದಿಯಿಂದ ಸುತ್ತಿ ಬಂದು ಹಗ್ಗದ ಎರಡನೆಯ ತುದಿ ದಡಕ್ಕೆ ಎಸೆಯಿತು. ಆಮೇಲೆ ಎಳೆತ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಯಾರು ಎತ್ತ ಎಂದು ಕೇಳುವಂತಿಲ್ಲ. ಲಿಂಗಪ್ಪನೂ ಬೆವರಿದ ಬನಿಯನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ಹಗ್ಗ ಹಿಡಿದಿದ್ದ. "ಇದು ಚಲೋ ಐತಿ, ಓಡೂದಕಿಂತಾ!" ಎನ್ನುತ್ತ ಎಳೆಯುತ್ತಿದ್ದ. ಅವನ ಅಂಗೈ ಸುಲಿದು ಹೋಗಿತ್ತು. ಮಾಬ್ಲನ ಮುಂದೆ ತಿಮ್ಮಕ್ಕ, ತಿಮ್ಮಕ್ಕನ ಮುಂದೆ ಅರ್ಧ ಗಡ್ಡದವನು. ಎಳೆಯುವಾಗ ತಿಮ್ಮಕ್ಕ ಒಮ್ಮೆ ಹಿಂದೆ ತಿರುಗಿ ಮಗನ ಎದೆಯ ಕಡೆ ನೋಡಿದಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಆ ಬಾಲ ಎತ್ತಿದ ಬಂಗಡೆಯನ್ನು, ದಿನಾ ಬೆಳಗಾದರೆ ಎದುರಿನ ಬೋಟುಗಳ ಮೂತಿಯ ಮೇಲೆ ಬರೆದಿರುವ ಅದೇ ಬಂಗಡೆಯನ್ನು, ಕೇರಿಯಲ್ಲಿ ತಿಳಿಯದವರಿರಲಿಲ್ಲ. ಅವಳು ಹಗ್ಗ ಬಿಡಲಿಲ್ಲ. ಇನ್ನೆರಡು ಮೊಳ ಎಳೆದಳು. ಆಮೇಲೆ, ಹಗ್ಗಕ್ಕೆ ಹೇಳುವವಳ ಹಾಗೆ, "ಅಂಗಿ ತಿರ್ಗಿಸಿ ಹಾಕ್ಕ," ಎಂದಳು.

"ಅವ್ವಿ..."

"ಎಂತದೂ ಬೇಡ. ಮಾವಂಗೆ ಕಣ್ ಕಾಣೂದಿಲ್ಲ, ಆದ್ರೆ ಉಳದೋರಿಗೆ ಕಾಣ್ತದೆ. ತಿರ್ಗಿಸಿ ಹಾಕ್ಕ ಅಂದೆ."

ಅವನು ಒಂದು ಕೈಯಿಂದ ಹಗ್ಗ ಹಿಡಿದು ಇನ್ನೊಂದು ಕೈಯಿಂದ ಬನಿಯನ್ನು ಕಳಚಿದ, ತಿರುಗಿಸಿದ, ತಲೆ ತೂರಿಸಿದ. ಒದ್ದೆ ಬಟ್ಟೆ ಕಿವಿಗೆ ಸಿಕ್ಕಿತು. ಆ ಕತ್ತಲೆಯೊಳಗೆ ಒಂದು ಗಳಿಗೆ ಅವನಿಗೆ ಹೊರಗೆ ಬರುವುದೇ ಬೇಡವೆನಿಸಿತು. ಹೊರಬಂದಾಗ ಬಂಗಡೆ ಒಳಮುಖವಾಗಿ ಅವನ ಎದೆಗೆ ಅಂಟಿಕೊಂಡಿತ್ತು, ಕೆಂಪು ಬಣ್ಣ ಮಾತ್ರ ಬೆವರಿಗೆ ಇಷ್ಟಿಷ್ಟೇ ಹೊರಗೆ ಒಸರುತ್ತಿತ್ತು.

ಹಗ್ಗ ಭಾರವಾಯಿತು. "ಭಾರ ಅದೆ! ಭಾರ ಅದೆ!" ಎಂದು ಮುಂದಿನಿಂದ ಕೂಗು ಬಂತು, ಹಿಂದಿನವರೆಗೂ ಹರಿಯಿತು. ಮಾಬ್ಲನಿಗೂ ಭಾರವೆನಿಸಿತು. ನೀರಿನ ಭಾರವೋ, ಮೀನಿನ ಭಾರವೋ, ಇಷ್ಟು ಜನರ ಆಸೆಯೇ ಹಗ್ಗಕ್ಕೆ ಜೋತದ್ದೋ? ಬಂದಿರಲಿ ಎಂದು ಅವನು ಬೇಡಿಕೊಂಡ. ಹಾಗೆ ಬೇಡಿಕೊಂಡ ಕ್ಷಣಕ್ಕೇ, ಬಂದಿದ್ದರೆ ಮಹಾಗಣಪತಿಯವರೂ ನೋಡುತ್ತಾರಲ್ಲ ಎಂದು ಹೊಳೆದು, ಬಂದಿರದಿರಲಿ ಎಂದು ಬೇಡಿಕೊಂಡ. ಎರಡು ಬೇಡಿಕೆಯನ್ನೂ ಒಂದೇ ಉಸಿರಿನಲ್ಲಿ ಕೇಳಿದ ದೇವರಿಗೆ ಏನು ತಿಳಿಯಬೇಕು!

ಬಲೆ ದಡ ಹತ್ತಿತು. ಇಲ್ಲಿ ಮಾತ್ರ ದೊಡ್ಡದು ಮಾಡಿ ಹೇಳಲು ಏನೂ ಇಲ್ಲ. ಒಂದು ಬುಟ್ಟಿಯ ಅಡಿ ಮುಚ್ಚುವಷ್ಟು ಬಂಗಡೆ, ಉಳಿದದ್ದೆಲ್ಲ ಗಂಜಿತಿಳಿಯ ಹಾಗೆ ನೀರುನೀರಾದ ಲೋಳೆಮೀನುಗಳು, ಒಂದು ರಬ್ಬರ್ ಚಪ್ಪಲಿ. ಅಷ್ಟು ಜನ ಸುಮ್ಮನಿದ್ದರೆ ಕಡಲಿನ ಸದ್ದು ಮನೆಗೆ ಬಂದ ಅಪರಿಚಿತನ ಹಾಗೆ ಕೇಳಿಸುತ್ತದೆ.

ದಿಬ್ಬದಿಂದ ಸೋಮಯ್ಯ ಮಾವನನ್ನು ಯಾರೋ ಕೈಹಿಡಿದು ಇಳಿಸಿಕೊಂಡು ಬಂದರು. ಎರಡು ಕಣ್ಣಿಗೂ ಪೊರೆ. ಆದರೂ ದಿನಾ ದಿಬ್ಬ ಹತ್ತಿ ಕೂರುವುದು ಬಿಟ್ಟಿರಲಿಲ್ಲ. ಕಡಲನ್ನು ನೋಡಿ ಅಭ್ಯಾಸವಾದ ಮುಖ ಬೇರೆ ಯಾವ ಕಡೆಗೂ ತಿರುಗುವುದಿಲ್ಲ ಎಂದು ತಿಮ್ಮಕ್ಕ ಹೇಳುವುದಿತ್ತು. ಮಾವ ಬಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮೀನು ಮುಟ್ಟಿ ನೋಡಿ, ಅದರಲ್ಲೊಂದನ್ನು ಎತ್ತಿಕೊಂಡ. "ಕಂಡವ್ನ ಪಾಲು ಮೊದ್ಲು. ಎಲ್ಲವ್ನೆ?" ಮಾಬ್ಲ ಕೈ ಒಡ್ಡಿದ. ತಣ್ಣಗಿನ ಮೀನು ಅಂಗೈಗೆ ಬಂತು. ಮಾವನ ಬೆರಳುಗಳು ಅಲ್ಲೇ ನಿಂತವು, ಬೆರಳ ಸಂದಿಗಳನ್ನು ತಡಕಿದವು. ಈ ಸಲ ಕೆಮ್ಮಣ್ಣು ತಿಕ್ಕಿಕೊಳ್ಳಲು ಪುರುಸೊತ್ತಾಗಿರಲಿಲ್ಲ.

"ಮಾಬ್ಲನಾ? ಈಗ ಕೇಳೂಕೆ ಅಡ್ಡಿಲ್ಲ. ಎಂತ ಕಂಡೆ ತಮಾ? ನಂಗೆ ಬಿಳೀದು ಬೀಸ್ದದ್ದೊಂದೇ ಕಂಡದ್ದು. ಬಣ್ಣ ಹೆಂಗಿತ್ತು? ನೇರ್ಳೆ ಆಗಿತ್ತಾ?"

ಬಲೆಯಲ್ಲಿ ಏನು ಬಂತು ಎಂಬುದರ ಮೇಲೆ ಮುದುಕನಿಗೆ ಲಕ್ಷ್ಯವೇ ಇರಲಿಲ್ಲ. ಹಿಂಡುಗಳು ಈ ದಡಕ್ಕೆ ಇನ್ನೂ ಬರುತ್ತವೋ ಎಂಬುದಷ್ಟೇ ಅವನಿಗೆ ಬೇಕಾಗಿತ್ತು. ಮಾಬ್ಲ ಹೇಳಬಹುದಾಗಿತ್ತು. ಕ್ಯಾಂಟೀನಿನಲ್ಲಿ ಹೇಳಿದ ಹಾಗೆ ಬಣ್ಣದ ಮೇಲೆ ಬಣ್ಣ ಏರಿಸಿ ಹೇಳಬಹುದಾಗಿತ್ತು. ಆದರೆ ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮಹಾಗಣಪತಿಯವರು ಬಂದರು. ಬೂಟಿನ ತುಂಬ ಮರಳು, ಮುಖದ ತುಂಬ ನಗು. ಅವರು ಮಾಬ್ಲನ ಹೆಗಲ ಮೇಲೆ ಕೈಯಿಟ್ಟು, ಆವತ್ತು ಚಹದ ಲೋಟ ಕೆಳಗಿಟ್ಟು ಕೇಳಿದಷ್ಟೇ ಮೆಲ್ಲಗೆ ಕೇಳಿದರು. "ಓಟ ಹಾಳಾಗಲಿ ಬಿಡು. ನಿಜವಾಗಿ ಕಂಡೆಯಾ? ಎಲ್ಲಿ? ನಮ್ಮ ಬೋಟು ಹೊನ್ನಾವರದ ಅಳಿವೆಯ ಹೊರಗೇ ಇದೆ. ಕುಮಟೆಯಿಂದ ಒಂದು ಫೋನು ಮಾಡಿದರೆ ಮಧ್ಯಾಹ್ನದೊಳಗೆ ಬರುತ್ತದೆ."

ಅವರ ಹೆಗಲಾಚೆ ಕಡಲು ಕಾಣುತ್ತಿತ್ತು. ಎಲ್ಲರೂ ಬಲೆಯ ಕಡೆ ಬಾಗಿದ್ದರು, ಕಡಲಿಗೆ ಮುಖ ಮಾಡಿ ನಿಂತವನು ಮಾಬ್ಲನೊಬ್ಬನೇ. ಬಂಡೆಗಿಂತ ಇನ್ನೂ ಬಡಗಕ್ಕೆ, ಇನ್ನೂ ಹೊರಗೆ, ನೀರು ನೇರಳೆಯಾಗಿತ್ತು. ಒಂದು ಕೇರಿಯಷ್ಟು ಅಗಲ, ಅಲ್ಲ, ಇಡೀ ಕುಮಟೆ ಪೇಟೆಯಷ್ಟು ಅಗಲ. ಅದರ ಮೈ ಕುದಿಯುತ್ತಿತ್ತು. ಮೇಲೆ ಒಂದು ತುಂಡು ಮೋಡವೂ ಇತ್ತು, ಇಲ್ಲವೆಂದಲ್ಲ. ಮೋಡದ ನೆರಳು ಕುದಿಯುತ್ತದೆಯೇ? ಗಾಳಿಗೆ ಕುದಿಯಬಹುದು. ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದ್ದಾರೆ. ಇಬ್ಬರಿಗೂ ಉತ್ತರ ಹೇಳಲು ಅವನಿಗಿರುವುದು ಒಂದೇ ಬಾಯಿ.

"ಎಂತದೂ ಇಲ್ಲ, ಸಾಹೇಬ್ರೆ," ಎಂದ. "ಮೋಡದ ನೆರ್ಳು. ಟವೆಲ್ ನೀರು ಕೊಡವ್ದೆ, ಅಷ್ಟೇಯ."

ಮಾವನ ಮುಖ ಮಾಡು ಇಳಿದ ಮನೆಯ ಹಾಗಾಯಿತು. ಹಿಂದಿನಿಂದ ಗಣಪಿ ಎಂಬ ಬಾಯಾಳಿ ಹೆಂಗಸು, "ಹೆಂಚು ಸುಡೂನಿಗೆ ಕಡ್ಲೆಲ್ಲಿ ಕಾಣ್ತದೆ? ಒಲೆ ಮೇಲಿನ ಗಂಜಿ ಸೀದೋಯ್ತಲ್ಲೇ, ಯಾರ್ ಕೊಡ್ತ್ರು?" ಎಂದು ರಾಗ ಎಳೆದಳು. ನಗು ಎದ್ದಿತು. ಆ ನಗುವಿಗೆ ತೆಂಗಿನ ಗರಿಗಳು ಅಲುಗಿದವು. ಅರ್ಧ ಗಡ್ಡದವನು ಮರಳಿಗೆ ಉಗುಳಿದ. ತಿಮ್ಮಕ್ಕ ಖಾಲಿ ಬುಟ್ಟಿಯನ್ನು ಸುಮ್ಮನೆ ಒಮ್ಮೆ ಬಡಿದು ಕೊಡವಿದಳು. ಮಹಾಗಣಪತಿಯವರು ನಗಲಿಲ್ಲ. ಮಾಬ್ಲನ ಮುಖವನ್ನೇ ನೋಡಿದರು, ಅವನು ನೋಡುತ್ತಿದ್ದ ದಿಕ್ಕಿಗೆ ತಿರುಗಿ ನೋಡಿದರು, ಅವರಿಗೆ ಬರೀ ನೀರು ಕಂಡಿತು. "ಹಾಗಾದರೆ ಓಡು. ಕೊನೆಯವನಾಗಿಯಾದರೂ ಮುಟ್ಟು. ನಾನು ಜೊತೆಗೇ ಬರುತ್ತೇನೆ," ಎಂದು ವ್ಯಾನಿನ ಕಡೆ ನಡೆದರು.

"ಆತು," ಎಂದ ಸೋಮಯ್ಯ ಮಾವ. ಎದ್ದು ನಿಂತು, ಮಾಬ್ಲ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟವೆಲ್ಲು ತಡಕಿ ತೆಗೆದುಕೊಂಡ. ಒದ್ದೆ ಇದೆಯೋ ಎಂದು ಹಿಂಡಿ ನೋಡಿದ. ಆಮೇಲೆ, ಆಶೀರ್ವಾದಕ್ಕೆ ತಲೆ ಸಿಗದವನ ಹಾಗೆ, ಅವನ ಕುತ್ತಿಗೆಯ ಮೇಲೆ ಅಂಗೈ ಇಟ್ಟ. ಕುತ್ತಿಗೆಯ ನರ ಹುರಿಗೊಂಡಿತ್ತು, ಬಡಗಕ್ಕೆ ಎಳೆಯುತ್ತಿತ್ತು. ಮಾಬ್ಲ ಎಷ್ಟು ಹಿಡಿದರೂ ಅದು ಹಗ್ಗದ ಹಾಗೆ ಆ ಕಡೆಗೇ ಎಳೆಯುತ್ತಿತ್ತು. ಮಾವನ ಅಂಗೈ ಅಲ್ಲಿ ಕೊಂಚ ಹೊತ್ತು ಸುಮ್ಮನಿತ್ತು.

"ಓಡು ತಮಾ," ಎಂದ, ಉಸಿರಿಗಿಂತ ಸಣ್ಣ ದನಿಯಲ್ಲಿ. "ಹೋಗ್ವಾಗ ಕಡ್ಲ ಬದಿ ನೋಡ್ಬೇಡ."

ಮಾಬ್ಲ ರಸ್ತೆ ಹತ್ತಿದ. ಒಂದು ಕೈಯಲ್ಲಿ ಬಂಗಡೆ, ಎದೆಗೆ ತಿರುಗಿಸಿ ಹಾಕಿದ ಬನಿಯನ್ನು. ಲಿಂಗಪ್ಪ ಹಿಂದೆಯೇ ಉಳಿದ. ತನ್ನ ಪಾಲು ಬರದೆ ಕದಲುವುದಿಲ್ಲವಂತೆ. ರಸ್ತೆಯ ಮೇಲೆ ಈಗ ಓಟದವರು ಯಾರೂ ಇರಲಿಲ್ಲ. ಕುಮಟೆಯ ಕಡೆಯಿಂದ ಮೈಕಿನ ಸದ್ದು ಗಾಳಿಯಲ್ಲಿ ತೇಲಿ ಬಂದು ಹೋಗುತ್ತಿತ್ತು, ಯಾರೋ ಗೆದ್ದಿರಬೇಕು. ಮಾಬ್ಲ ಬಲ ಅಂಚಿಗೆ ಓಡುತ್ತಿದ್ದ. ವ್ಯಾನು ಎಡಕ್ಕೆ, ಅವನಿಗೂ ಕಡಲಿಗೂ ನಡುವೆ, ಅವನ ಕಾಲಿಗೆ ಸರಿಯಾಗಿ ಮೆಲ್ಲಗೆ ಉರುಳುತ್ತಿತ್ತು. ಕಿಟಕಿಯಲ್ಲಿ ಮಹಾಗಣಪತಿಯವರು ಕೆನ್ನೆಗೆ ಕೈಕೊಟ್ಟು ಅವನ ಕಣ್ಣುಗಳನ್ನೇ ನೋಡುತ್ತ ಕೂತಿದ್ದರು. ಮಾಬ್ಲ ಮುಖವನ್ನು ಗುಡ್ಡದ ಕಡೆಗೆ ತಿರುಗಿಸಿಕೊಂಡ. ಬಿಸಿಲು ನೇರ ಕಣ್ಣಿಗೆ ಹೊಡೆಯಿತು, ನೀರು ಇಳಿಯಿತು. ಮಾವನಿಗೆ ತಿಳಿಯಿತೋ? ಇಲ್ಲ, ಸೋತ ಮುದುಕ ಸುಮ್ಮನೆ ಆಡಿದ ಮಾತೋ? ತಿಳಿದಿದ್ದರೂ ಕಂಡದ್ದು ನೆರಳೇ ಆಗಿದ್ದರೆ? ಈ ಪ್ರಶ್ನೆಗಳು ಮುಗಿಯುವಷ್ಟು ಉದ್ದದ ರಸ್ತೆಯನ್ನು ಸರಕಾರ ಇನ್ನೂ ಕಟ್ಟಿಸಿಲ್ಲ.

ಹಂದಿಗೋಣ ಹತ್ತಿರ ಬರುತ್ತಿದ್ದಾಗ ಬೆನ್ನ ಹಿಂದೆ, ದೂರದಲ್ಲಿ, ಕಡಲ ಬದಿಯಿಂದ ಒಂದು ದೊಡ್ಡ ಕೂಗು ಎದ್ದಿತು. ಇಡೀ ಕೇರಿ ಒಮ್ಮೆಲೇ ಕೂಗಿದ ಹಾಗೆ. ಲಿಂಗಪ್ಪನಿಗೆ ಪಾಲು ಕೊಡುವಾಗಿನ ನಗೆಯೋ, ಮತ್ತೆ ದೋಣಿ ನೀರಿಗೆ ಬಿದ್ದದ್ದೋ, ಬರೀ ತೆರೆ ಒಡೆದದ್ದೋ? ವ್ಯಾನಿನ ಎಂಜಿನ್ನಿನ ಸದ್ದಿನಲ್ಲಿ ಮಹಾಗಣಪತಿಯವರಿಗೆ ಅದು ಕೇಳಿಸಿತೋ ಇಲ್ಲವೋ? ಕುತ್ತಿಗೆ ಎಳೆಯಿತು, ಹರಿದುಹೋಗುವ ಹಾಗೆ ಎಳೆಯಿತು. ಕೈಯಲ್ಲಿದ್ದ ಬಂಗಡೆಯನ್ನು ಅವನು ಬಿಗಿಯಾಗಿ ಹಿಡಿದುಕೊಂಡ.

ನೋಡಲಿಲ್ಲ.